ಕಿಸುಮುವಿನಲ್ಲಿ ಮೂರು ವಾರ, ಒಂದೂ ಪ್ರಸಂಗ ಇಲ್ಲ: ನನ್ನ ಅನುಭವ

ಮಿಷನ್ ಟ್ರಿಪ್ ಅಂತ, ಅಂದರೆ ಕ್ರೈಸ್ತ ಸೇವೆಗೆ ಅಂತ, ಕೀನ್ಯಾ ದೇಶದ ಕಿಸುಮು ಊರಿಗೆ ಹೋಗಿ 21 ದಿನ ಇದ್ದು ಬಂದೆ. ಒಂದೇ ಒಂದು ಪ್ರಸಂಗ, ಅಂದರೆ ದೇವರ ವಾಕ್ಯದ ಉಪದೇಶ, ಮಾಡಲಿಲ್ಲ. ಯಾರ ತಲೆಯ ಮೇಲೂ ಕೈ ಇಟ್ಟು ಪ್ರಾರ್ಥಿಸಲಿಲ್ಲ. ಬೆಳಗಿನ ಜಾವ ಸತ್ಯವೇದದ (ಬೈಬಲಿನ) ಮಾರ್ಕನ ಸುವಾರ್ತೆಯನ್ನು ಕೈಯಾರೆ ನೋಟ್‌ಬುಕ್ಕಿಗೆ ಬರೆದೆ. ಹಗಲು ಹೊಲಿಗೆ ಕಲಿಸಿದೆ. ರಾತ್ರಿ ಯಾರಾದರೂ ಒಬ್ಬರ ಹತ್ತಿರ ಹೋಗಿ "ನನಗೋಸ್ಕರ ಪ್ರಾರ್ಥನೆ ಮಾಡಿ" ಅಂತ ಕೇಳಿದೆ. ಮಾಡಿದ್ದು ಇಷ್ಟೇ. ಮೂರು ವರ್ಷದಿಂದ ಒಣಗಿ ನಿಂತಿದ್ದ ನನ್ನ ಪ್ರಾರ್ಥನೆ ಮತ್ತೆ ಚಿಗುರಿತು. ಬಂದು ಒಂದೂವರೆ ವರ್ಷ ದಾಟಿತು, ಇನ್ನೂ ಹಸಿರಾಗಿದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹೋಗುವ ಮೊದಲು ಹೀಗೆ ಮಾಡ್ತೀನಿ ಅಂದಾಗ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯಾರೂ ಒಪ್ಪಲಿಲ್ಲ. ಒಬ್ಬ ಹಿರಿಯರು ನೇರವಾಗಿಯೇ ಹೇಳಿದರು: "ಒಂದೂಕಾಲು ಲಕ್ಷ ಖರ್ಚು ಮಾಡಿ ಬಾಯಿ ಮುಚ್ಕೊಂಡು ಬರೋದಕ್ಕೆ ಆಫ್ರಿಕಾಕ್ಕೆ ಹೋಗಬೇಕೇನಪ್ಪಾ?" ನಮ್ಮ ಮನೆಯವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ಬರೆಯೋದೇ ಆದ್ರೆ ನಮ್ಮ ಬಳ್ಳಾರಿ ಗುಡ್ಡದ ಮೇಲೆ ಕೂತ್ಕೊಂಡು ಬರೀರಿ, ಯಾರು ಬೇಡ ಅಂತಾರೆ?" ಅಂದಳು. ಅವಳ ಮಾತಿಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ನಮ್ಮ ಸಭೆಯ ಪಾಸ್ಟರು, ಅಯ್ಯನವರು, "ಹೋಗಿ ಬಾ, ನೋಡೋಣ" ಅಂತ ಆಶೀರ್ವಾದ ಮಾಡಿ ಕಳಿಸಿದರು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಬಳ್ಳಾರಿಯಲ್ಲಿ ನನ್ನದು ಚಿಕ್ಕ ಜೀನ್ಸ್ ಯೂನಿಟ್. 7 ಮಷೀನು, ನಾನೇ ಕಟಿಂಗ್ ಮಾಸ್ಟರ್. 22 ವರ್ಷ ಇದೇ ಕೆಲಸ. ಸಭೆಯಲ್ಲಿ ಸಂಡೇ ಸ್ಕೂಲ್, ಮನೆ ಕೂಟ, ಉಪವಾಸ ಕೂಟ, ಆಸ್ಪತ್ರೆ ಭೇಟಿ, ಎಲ್ಲದಕ್ಕೂ ನನ್ನನ್ನೇ ಕರೆಯುತ್ತಿದ್ದರು. ಮಾತು ಚೆನ್ನಾಗಿ ಬರುತ್ತೆ, ಕನ್ನಡ ತೆಲುಗು ಎರಡರಲ್ಲೂ. ತೊಂದರೆ ಶುರುವಾಗಿದ್ದೇ ಅಲ್ಲಿ. 2020, 2021ರಲ್ಲಿ ಎಷ್ಟು ಸಮಾಧಿಗಳ ಹತ್ತಿರ ನಿಂತು ಪ್ರಾರ್ಥನೆ ಮಾಡಿದೆನೋ ಲೆಕ್ಕ ಇಲ್ಲ. ಅದೇ ವಾಕ್ಯಗಳು, ಅದೇ ಸಮಾಧಾನದ ಮಾತುಗಳು. ಆಮೇಲೆ ನಮ್ಮಪ್ಪ ತೀರಿಕೊಂಡರು. ಅವರ ಪೆಟ್ಟಿಗೆಯ ಮುಂದೆ ನಿಂತಾಗಲೂ ಅದೇ ಮಾತು ಬಾಯಿಗೆ ಬಂತು. ಒಳಗೆ ಏನೂ ಇರಲಿಲ್ಲ. ಅಂದಿನಿಂದ ಬಾಯಿ ಮಾತ್ರ ಪ್ರಾರ್ಥನೆ ಮಾಡುತ್ತಿತ್ತು. ನಿಮ್ಮಲ್ಲಿ ಸಭೆಯ ಕೆಲಸ ಮಾಡುವವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತೆ, ಅಲ್ವಾ?

ಸರಿಮಾಡಿಕೊಳ್ಳಲು ಎಲ್ಲ ಪ್ರಯತ್ನ ಮಾಡಿದ್ದೇನೆ. 40 ದಿನದ ಉಪವಾಸ ಹಿಡಿದೆ. 11ನೇ ದಿನ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗಿ ಆಸ್ಪತ್ರೆ ಸೇರಿದೆ. ಹತ್ತಿರ ಹತ್ತಿರ 7,000 ರೂಪಾಯಿ ಬಿಲ್ಲು. ಬೆಂಗಳೂರಿನ ದೊಡ್ಡ ಕನ್ವೆನ್ಷನ್‌ಗೆ ಎರಡು ಸಲ ಹೋದೆ. ಬಸ್ಸು, ಲಾಡ್ಜು ಸೇರಿ ಸಲಕ್ಕೆ 5,000 ಆಯ್ತು. ಅಲ್ಲಿ ಕಣ್ಣೀರು ಬಂತು ನಿಜ. ಬಳ್ಳಾರಿಗೆ ಬಂದು ನಾಲ್ಕನೇ ದಿನಕ್ಕೆ ಅದೂ ಆರಿತು. ವರ್ಷಕ್ಕೊಂದು ಸಲ ಸತ್ಯವೇದ ಪೂರ್ತಿ ಓದುವ ಚಾರ್ಟ್ ಮೂರು ವರ್ಷ ಗೋಡೆಗೆ ಅಂಟಿಸಿದೆ. ಮೂರು ವರ್ಷವೂ ಮೂರನೇ ಪುಸ್ತಕವಾದ ಯಾಜಕಕಾಂಡದಲ್ಲೇ ನಿಂತೆ. ಮೊಬೈಲಿನಲ್ಲಿ ಪ್ರಾರ್ಥನಾ ಗುಂಪು ಮಾಡಿದೆ. ದಿನಕ್ಕೆ ನೂರಕ್ಕೆ ಜಾಸ್ತಿ ಮೆಸೇಜು ಬಂದವು, ಪ್ರಾರ್ಥನೆ ಮಾತ್ರ ಬರಲಿಲ್ಲ. ಆಂಧ್ರದ ಗಡಿ ಹಳ್ಳಿಗಳಿಗೆ ಒಂದು ತಂಡ ಕಟ್ಟಿಕೊಂಡು ಹೋಗಿ 6 ದಿನದಲ್ಲಿ 14 ಪ್ರಸಂಗ ಮಾಡಿದೆ. ಜನ ಹೊಗಳಿದರು. ಮನೆಗೆ ಬಂದ ರಾತ್ರಿ ಊಟದ ಮುಂದೆ ಕೂತು ಎರಡು ಸಾಲು ಪ್ರಾರ್ಥನೆ ಮಾಡಲಾಗಲಿಲ್ಲ. ಮಗಳು ಮಾಡಿದಳು.

ಆ ರಾತ್ರಿ ನನಗೆ ಒಂದು ವಿಷಯ ಹೊಳೆಯಿತು. ಇಷ್ಟೂ ಪ್ರಯತ್ನಗಳಲ್ಲಿ ನಾನು ಮಾತಾಡುವುದನ್ನು ನಿಲ್ಲಿಸಿರಲೇ ಇಲ್ಲ. ಉಪವಾಸದಲ್ಲೂ ಕೂಟ ನಡೆಸುತ್ತಿದ್ದೆ!

ಕಿಸುಮುವಿನ ಒಬ್ಬ ಪಾಸ್ಟರು, ಅವರ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾಗ, ಒಂದು ಭಾನುವಾರ ನಮ್ಮ ಸಭೆಗೆ ಬಂದಿದ್ದರು. ನಮ್ಮ ಯೂನಿಟ್ ನೋಡಿ, ತಮ್ಮ ಸಭೆಯಲ್ಲಿ ವಿಧವೆಯರಿಗೆ ಹೊಲಿಗೆ ತರಗತಿ ಇದೆ, ಕಾಲಲ್ಲಿ ತುಳಿಯುವ ಮಷೀನು 9 ಇವೆ, ದಪ್ಪ ಬಟ್ಟೆ ಹೊಲಿಯುವುದನ್ನು ಹೇಳಿಕೊಡುವವರಿಲ್ಲ ಅಂದಿದ್ದರು. ಅದು ನೆನಪಾಯಿತು. ನನಗೆ ಸ್ವಾಹಿಲಿ ಬರಲ್ಲ. ಇಂಗ್ಲಿಷು ಅಷ್ಟಕ್ಕಷ್ಟೇ. ಮಾತಾಡಬೇಕು ಅಂದರೂ ಆಗದ ಜಾಗ. ಗುಡ್ಡದ ಮೇಲೆ ಯಾಕೆ ಬರೆಯಬಾರದು ಅಂತ ಮನೆಯವಳು ಕೇಳಿದ್ದಕ್ಕೆ ಉತ್ತರ ಇದೇ. ಬಳ್ಳಾರಿಯಲ್ಲಿ ನಾನು ಎಲ್ಲಿ ಕೂತರೂ ಯಾರಾದರೂ ಬಂದು "ಅಣ್ಣಾ, ಎರಡು ಮಾತು ಹೇಳಿ" ಅಂತಾರೆ. ನಾನೂ ಹೇಳಿಬಿಡ್ತೀನಿ.

ದುಡ್ಡಿನ ವಿಷಯಕ್ಕೆ ಬರೋಣ. ಎಲ್ಲರೂ ಮೊದಲು ಕೇಳುವುದು ಅದನ್ನೇ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಇದೆ. ಬೆಂಗಳೂರಿನಿಂದ ಮುಂಬೈ ಸೇರಿಸಿ ಹೋಗಿ ಬರುವ ಟಿಕೆಟ್ ಸುಮಾರು 54,000 ಬಿತ್ತು. ಎರಡು ತಿಂಗಳು ಮೊದಲೇ ತೆಗೆದಿದ್ದಕ್ಕೆ ಅಷ್ಟು. ಕೀನ್ಯಾದವರು 2024ರ ಜನವರಿಯಿಂದ ವೀಸಾ ತೆಗೆದು ಇ-ಟಿಎ ಅಂತ, ಅಂದರೆ ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆಯುವ ಪ್ರಯಾಣದ ಅನುಮತಿ, ಮಾಡಿದ್ದಾರೆ. ಸರ್ಕಾರಿ ವೆಬ್‌ಸೈಟಿನಲ್ಲಿ ನೀವೇ ತುಂಬಿದರೆ 30 ಡಾಲರ್ ಚಿಲ್ಲರೆ. ನಾನು ಬೆಂಗಳೂರಿನ ಒಬ್ಬ ಏಜೆಂಟನ ಕೈಗೆ ಕೊಟ್ಟು 6,000 ಕಳೆದುಕೊಂಡೆ. ನೀವು ಹಾಗೆ ಮಾಡಬೇಡಿ.

ಹಳದಿ ಜ್ವರದ ಲಸಿಕೆ ಹಗುರವಾಗಿ ತಗೊಳ್ಳಬೇಡಿ. ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ಅದರ ಹಳದಿ ಪುಸ್ತಕ, ಅಂದರೆ ಲಸಿಕೆಯ ಸರ್ಟಿಫಿಕೇಟು, ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಅದಕ್ಕೆ ಬೆಲೆ. ಬೆಂಗಳೂರಿಗೆ ನಾನು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಜನ ಸಾಕಷ್ಟು ಆಗಲಿಲ್ಲ, ಹಲವರಿಗೆ ಆಗುವ ಲಸಿಕೆಯ ಬಾಟಲಿಯನ್ನು ಒಬ್ಬಿಬ್ಬರಿಗೆ ಒಡೆಯಲ್ಲ ಅಂತ ವಾಪಸ್ ಕಳಿಸಿದರು. ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡು ಹೋಗಿ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಮಲೇರಿಯಾ ಮಾತ್ರೆ ನಮ್ಮ ಡಾಕ್ಟರು ಬರೆದುಕೊಟ್ಟರು. ದಿನಕ್ಕೊಂದು, ಬಂದ ಮೇಲೂ 4 ವಾರ. ಕಿಸುಮು ದೊಡ್ಡ ಸರೋವರದ ದಡದ ಊರು, ಸೊಳ್ಳೆ ಜಾಸ್ತಿ.

ಉಳಿದಿದ್ದು ಸಾಮಾನು, ಅಲ್ಲಿಯ ಊಟ ವಸತಿಗೆ ಕೊಟ್ಟ ಕಾಣಿಕೆ, ಬಸ್ಸು. ಎಲ್ಲ ಸೇರಿ ಒಂದೂಕಾಲು ಲಕ್ಷದ ಆಸುಪಾಸು. ಮೂರು ವಾರ ಯೂನಿಟ್ ಅರ್ಧ ನಿಂತ ನಷ್ಟ ಬೇರೆ, ಅದನ್ನು ಸೇರಿಸಿಲ್ಲ. 40,000 ಚೀಟಿ ಎತ್ತಿದೆ, ಅಣ್ಣ 20,000 ಕೊಟ್ಟ, ಉಳಿದದ್ದು ನನ್ನದೇ. ಸಭೆಯ ಕಾಣಿಕೆ ಒಂದು ರೂಪಾಯಿ ಮುಟ್ಟಲಿಲ್ಲ. ಇದನ್ನು ಬೇಕಂತಲೇ ಹೇಳುತ್ತಿದ್ದೇನೆ. ಬೇರೆಯವರ ದುಡ್ಡು ತಗೊಂಡರೆ ಬಂದು ವರದಿ ಕೊಡಬೇಕು. ಎಷ್ಟು ಜನ ಬಂದರು, ಎಷ್ಟು ಜನ ಯೇಸುವನ್ನು ನಂಬುತ್ತೇವೆ ಅಂತ ಕೈ ಎತ್ತಿದರು ಅಂತ. ವರದಿ ಕೊಡುವುದಿದೆ ಅಂತ ಗೊತ್ತಿದ್ದರೆ ಮನಸ್ಸು ಅಲ್ಲಿಯೇ ಮಾತು ಜೋಡಿಸಲು ಶುರು ಮಾಡುತ್ತೆ.

2024ರ ಫೆಬ್ರವರಿ ಮೊದಲ ವಾರ ಹೋದೆ. ನೈರೋಬಿಯಲ್ಲಿ ಇಳಿದ ತಕ್ಷಣ ಒಂದು ಎಡವಟ್ಟು. ಆ ದೇಶದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ. ನಾನು ಜಿಪ್ಪು, ಬಟನ್ನು, ದಾರದ ಉಂಡೆ ಎಲ್ಲ ಕ್ಯಾರಿಬ್ಯಾಗಿನಲ್ಲೇ ಕಟ್ಟಿಕೊಂಡು ಹೋಗಿದ್ದೆ. ಎಲ್ಲ ಬಿಚ್ಚಿಸಿದರು. ಸೂಟ್‌ಕೇಸಿನ ತುಂಬ ಬಟನ್ನು ಚೆಲ್ಲಾಡಿತು. ಬಟ್ಟೆ ಚೀಲ ಹೊಲಿದುಕೊಂಡು ಹೋಗಿ.

ನೈರೋಬಿಯಿಂದ ಕಿಸುಮುವಿಗೆ ಬಸ್ಸಿನಲ್ಲಿ 8 ಗಂಟೆ. ದಾರಿಯಲ್ಲಿ ಕೆರಿಚೊ ಹತ್ತಿರ ಚಹಾ ತೋಟಗಳು, ತಣ್ಣನೆ ಗಾಳಿ. ಕೆಳಗೆ ಇಳಿಯುತ್ತಾ ಬಂದ ಹಾಗೆ ಬಿಸಿ ಏರುತ್ತದೆ. ಕಿಸುಮು ಸೇರಿದಾಗ ಬಳ್ಳಾರಿಗೇ ಬಂದ ಹಾಗಾಯಿತು. ಊಟಕ್ಕೆ ಉಗಾಲಿ, ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಸುಕುಮಾ ಅನ್ನುವ ಸೊಪ್ಪು, ಸರೋವರದ ಸಣ್ಣ ಒಣಮೀನು. ಸಂಗಟಿ ಉಂಡು ಬೆಳೆದ ನನಗೆ ಏನೂ ಕಷ್ಟ ಆಗಲಿಲ್ಲ. ಮನೆಯಿಂದ ಒಯ್ದ ಶೇಂಗಾ ಚಟ್ನಿಪುಡಿ ಒಂದು ಕಿಲೋ ನಾಲ್ಕೇ ದಿನದಲ್ಲಿ ಖಾಲಿ, ತಿಂದವರು ಅವರು. ಅಂಗಡಿಗೆ "ದುಕಾ" ಅಂತಾರೆ, ನಮ್ಮ ದುಕಾನೇ. ಬಂಡಿಗೆ "ಗಾರಿ". ಹೊಲಿಗೆಯವನಿಗೆ "ಫುಂದಿ". ನನ್ನನ್ನು 21 ದಿನವೂ ಫುಂದಿ ಅಂತಲೇ ಕರೆದರು. ಪಾಸ್ಟರ್ ಅಂತ ಅಲ್ಲ, ಬ್ರದರ್ ಅಂತ ಅಲ್ಲ. ಅದು ನನಗೆ ದೊಡ್ಡ ಬಿಡುಗಡೆ.

ತರಗತಿಯಲ್ಲಿ 13 ಹೆಂಗಸರು. ದೊಡ್ಡವರನ್ನೆಲ್ಲ ಅಲ್ಲಿ "ಮಾಮಾ" ಅನ್ನಬೇಕು, ಅಮ್ಮ ಅಂತ ಅರ್ಥ. ಅವರ ಊರಲ್ಲಿ ಕಿಬುಯೆ ಅಂತ ದೊಡ್ಡ ಸಂತೆ ಇದೆ. ಹೊರದೇಶಗಳಿಂದ ಬೇಲುಗಟ್ಟಲೆ ಬರುವ ಹಳೆ ಬಟ್ಟೆಯನ್ನು ಅಲ್ಲಿ ಗುಡ್ಡೆ ಹಾಕಿ ಮಾರುತ್ತಾರೆ. "ಮಿತುಂಬಾ" ಅಂತಾರೆ. ಹರಿದ ಜೀನ್ಸು ಅಗ್ಗಕ್ಕೆ ತಂದು, ಸರಿಮಾಡಿ, ಮೂರು ಪಟ್ಟು ಬೆಲೆಗೆ ಮಾರಬಹುದು ಅನ್ನುವುದು ನನ್ನ ಯೋಚನೆ. ಕಾಲಿನ ಮಷೀನಿನಲ್ಲಿ ಜೀನ್ಸಿನ ದಪ್ಪ ಮಡಿಕೆ ಬಂದರೆ ಸೂಜಿ ಮುರಿಯುತ್ತಿತ್ತು. ಮೊದಲ ಎರಡು ದಿನದಲ್ಲೇ 17 ಸೂಜಿ ಹೋದವು. 16ನೇ ನಂಬರಿನ ಸೂಜಿ ತೆಗೆದು 18 ಹಾಕಿದೆ, ಮಡಿಕೆಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಚಪ್ಪಟೆ ಮಾಡಿಸಿದೆ, ಮೇಲೆ ಒಣ ಸೋಪು ತಿಕ್ಕಿಸಿದೆ. ಮೇಣದ ಬತ್ತಿಯನ್ನೂ ಪರೀಕ್ಷೆ ಮಾಡಿದೆ, ಅದು ದಾರಕ್ಕೆ ಅಂಟುತ್ತೆ. ಸೋಪೇ ವಾಸಿ. ಆಮೇಲೆ ದಿನಕ್ಕೆ ಒಂದು ಸೂಜಿ ಮುರಿದರೆ ಹೆಚ್ಚು.

ಈಗ ನನ್ನ ವಿಧಾನ ಹೇಗೆ ಕೆಟ್ಟಿತು, ಹೇಗೆ ಸರಿಯಾಯಿತು ಅನ್ನುವುದು.

ನನ್ನ ಲೆಕ್ಕ ಹೀಗಿತ್ತು. ಮಾರ್ಕನಲ್ಲಿ 16 ಅಧ್ಯಾಯ. ದಿನಕ್ಕೊಂದು ಅಧ್ಯಾಯ ಬರೆದರೆ ಹೊರಡುವ ಮೊದಲೇ ಮುಗಿಯುತ್ತೆ. ಅಲ್ಲಿಯ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಆರೂವರೆಗೆ ಏಳುವ ಅಭ್ಯಾಸದ ಮೈ ಅಲ್ಲಿ 4 ಗಂಟೆಗೇ ಎಚ್ಚರ ಆಗುತ್ತೆ. ಬೆಳಕು ಹರಿಯುವುದು ಆರೂವರೆ ಹೊತ್ತಿಗೆ. ಮಧ್ಯೆ ಎರಡೂವರೆ ಗಂಟೆ ನಿಮ್ಮದೇ. ಇದು ಪುಕ್ಕಟೆ ಸಿಗುವ ವರ, ಮೈಯನ್ನು ಅಲ್ಲಿಯ ಗಡಿಯಾರಕ್ಕೆ ಹೊಂದಿಸಲು ಹೋಗಬೇಡಿ.

ಐದು ದಿನ ಐದು ಅಧ್ಯಾಯ ಬರೆದೆ. ಅಕ್ಷರ ಮುತ್ತಿನ ಹಾಗೆ. ಕೈ ನೋವು ಬಂತು, ಮನಸ್ಸಿಗೆ ಏನೂ ಆಗಲಿಲ್ಲ. ಹೇಗೋ ಒಂದು ಕೋಟಾ ಮುಗಿಸಿದ ಸಮಾಧಾನ ಅಷ್ಟೇ. ರಾತ್ರಿ ಮಲಗಿ, ಇದೂ ಹೋಯಿತು, ಹಿರಿಯರು ಹೇಳಿದ್ದೇ ನಿಜ ಅಂತ ಬಹಳ ನೊಂದುಕೊಂಡೆ.

ಆ ವಾರವೇ ತೇಪೆ ಹಾಕುವುದನ್ನು ಕಲಿಸುತ್ತಿದ್ದೆ. ಬಳ್ಳಾರಿಯಿಂದ 6 ಕಿಲೋದಷ್ಟು ಡೆನಿಮ್ ಕಟ್‌ಪೀಸು ಒಯ್ದಿದ್ದೆ. ವಾಷಿಂಗ್ ಆಗದ ಹೊಸ ಬಟ್ಟೆ. ಮೊಣಕಾಲು ಹರಿದ 8 ಪ್ಯಾಂಟುಗಳಿಗೆ ಅದರ ತೇಪೆ ಹಾಕಿಸಿದೆ. ಚೆಂದ ಕಂಡವು. ಮಾಮಾಗಳು ಮನೆಗೆ ಒಯ್ದು, ಒಗೆದು, ಬಿಸಿಲಿಗೆ ಹಾಕಿ, ಮಾರನೇ ದಿನ ತಂದರು. ಎಂಟೂ ಹಾಳಾಗಿದ್ದವು. ತೇಪೆ ಕುಗ್ಗಿ, ಸುತ್ತಲಿನ ಹಳೆ ಬಟ್ಟೆಯನ್ನು ಎಳೆದು, ಎರಡರಲ್ಲಿ ಹೊಲಿಗೆಯ ಪಕ್ಕದಲ್ಲೇ ಹೊಸದಾಗಿ ಹರಿದಿತ್ತು. ಒಗೆಯದ ಡೆನಿಮ್ ನೀರು ಬಿದ್ದರೆ ಕುಗ್ಗುತ್ತೆ, ಹಳೆಯದು ಆಗಲೇ ಕುಗ್ಗಿ ಮುಗಿದಿರುತ್ತೆ. ಬಳ್ಳಾರಿಯಲ್ಲಿ ಮೊದಲು ಹೊಲಿದು ಆಮೇಲೆ ವಾಷಿಂಗ್‌ಗೆ ಕಳಿಸುವ ನಾವು ಆ ಕುಗ್ಗುವಿಕೆಯನ್ನು ಲೆಕ್ಕ ಹಾಕಿಯೇ ಕಟಿಂಗ್ ಮಾಡ್ತೀವಿ. 22 ವರ್ಷದ ಮಾಸ್ಟರಿಗೆ ಇದು ಮರೆತು ಹೋಗಿತ್ತು. ಬಡ ಹೆಂಗಸರ ದುಡ್ಡು. 8 ಪ್ಯಾಂಟಿಗೆ 1,600 ಶಿಲ್ಲಿಂಗ್ ಕೊಟ್ಟಿದ್ದರು. ಆಗ ಒಂದು ಶಿಲ್ಲಿಂಗ್ ಅಂದರೆ ನಮ್ಮ ಅರ್ಧ ರೂಪಾಯಿ ಚಿಲ್ಲರೆ. ನಾನು ಆ ದುಡ್ಡು ಕೊಟ್ಟೆ. ಆದರೂ ತಲೆ ಎತ್ತಲಾಗಲಿಲ್ಲ.

ಒಬ್ಬ ಮಾಮಾ, ಅರವತ್ತರ ಮೇಲೆ ವಯಸ್ಸು, ಹಾಳಾದ ಪ್ಯಾಂಟನ್ನು ಮಡಿಲಲ್ಲಿ ಇಟ್ಟುಕೊಂಡು, ತೇಪೆಯ ಮೇಲೆ ಬೆರಳಾಡಿಸಿ, "ಮಾರ್ಕೊ ಎರಡು" ಅಂದರು. ನನಗೆ ಅರ್ಥ ಆಗಲಿಲ್ಲ. ಮತ್ತೆ ಎರಡು ಬೆರಳು ತೋರಿಸಿ, "ಮಾರ್ಕೊ" ಅಂದರು. ಕೋಣೆಗೆ ಹೋಗಿ ನೋಟ್‌ಬುಕ್ ತೆಗೆದೆ. ಎರಡನೇ ಅಧ್ಯಾಯ, 21ನೇ ವಚನ. ಹಳೆ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಆ ತೇಪೆ ಹಳೆಯದನ್ನು ಹಿಂಜಿ ಹರಕು ಇನ್ನೂ ದೊಡ್ಡದಾಗುತ್ತೆ ಅಂತ ಯೇಸು ಹೇಳಿದ ಮಾತು. ನಾಲ್ಕು ದಿನದ ಹಿಂದೆ ನನ್ನ ಕೈಯಾರೆ, ಮುತ್ತಿನ ಅಕ್ಷರದಲ್ಲಿ ಬರೆದಿದ್ದೆ. ಜೀನ್ಸ್ ಹೊಲಿಯುವವನು ನಾನು, ಈ ವಚನದ ಮೇಲೆ ಎರಡು ಸಲ ಪ್ರಸಂಗವನ್ನೂ ಮಾಡಿದ್ದೇನೆ. ಅದು ಬಟ್ಟೆಯ ಮಾತು ಅಂತ ಒಂದು ದಿನವೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಮಂಚದ ಮೇಲೆ ಕೂತು ಅತ್ತೆ. ಕನ್ವೆನ್ಷನ್‌ನಲ್ಲಿ ಬಂದ ಕಣ್ಣೀರಿನ ಹಾಗಲ್ಲ ಅದು. ಇಷ್ಟು ವರ್ಷ ನಾನು ಮಾಡಿದ್ದು ಇದನ್ನೇ. ಒಳಗೆ ಹರಿದಿದ್ದಕ್ಕೆ ಹೊರಗಿನಿಂದ ಹೊಸ ಹೊಸ ತುಂಡು ತಂದು ಹಚ್ಚಿದ್ದೆ. ಉಪವಾಸ, ಕನ್ವೆನ್ಷನ್, ಚಾರ್ಟು. ಪ್ರತಿಯೊಂದೂ ಸ್ವಲ್ಪ ದಿನಕ್ಕೆ ಕುಗ್ಗಿ ಇನ್ನಷ್ಟು ಹರಿದಿತ್ತು.

ಆರನೇ ದಿನ ಎರಡನೇ ಅಧ್ಯಾಯದಿಂದ ಮತ್ತೆ ಶುರು ಮಾಡಿದೆ. ಈ ಸಲ ಕೋಟಾ ಇಲ್ಲ. ಒಂದು ಘಟನೆ ಮಾತ್ರ, 10 ವಚನಕ್ಕೆ ಜಾಸ್ತಿ ಇಲ್ಲ. ಒಂದು ವಚನ ಬರೆದು ಪೆನ್ನು ಕೆಳಗೆ ಇಡುವುದು. ಬರೆದದ್ದನ್ನು ನಮ್ಮ ಮನೆಯ ಮಾತಿನಲ್ಲಿ, ಬಳ್ಳಾರಿ ಮಾತಿನಲ್ಲಿ, ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳುವುದು. ಆಮೇಲೆ ಮುಂದಿನದು. ಕೊನೆಗೆ ಒಂದೇ ಒಂದು ಸಾಲನ್ನು ಹಗಲಿಗೆ ಎತ್ತಿಕೊಳ್ಳುವುದು. ಯಾವ ಸಾಲು ಎತ್ತಿಕೊಳ್ಳಬೇಕು ಅನ್ನುವುದಕ್ಕೆ ನನ್ನದೇ ಒಂದು ಗುರುತು ಇದೆ. ಅದನ್ನು ಇಲ್ಲಿ ಬರೆಯಲ್ಲ. ನನ್ನ ಜೊತೆ ಒಂದು ವಾರ ಕೂತವರಿಗೆ ಮಾತ್ರ ಹೇಳಿಕೊಡ್ತೀನಿ, ಬರೆದರೆ ಅದೂ ಒಂದು ಚಾರ್ಟ್ ಆಗಿಬಿಡುತ್ತೆ. ಸೂಜಿಗೆ ದಾರ ಪೋಣಿಸುವಾಗ ಹೇಳುವ ಪುಟ್ಟ ಪ್ರಾರ್ಥನೆಯೂ ಹಾಗೆಯೇ.

ಮಾರ್ಕನನ್ನು ಆರಿಸಿಕೊಂಡದ್ದು ಚಿಕ್ಕದು ಅನ್ನುವ ಕಾರಣಕ್ಕೆ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಅದು ಸರೋವರದ ದಡದ ಸುವಾರ್ತೆ. ಬಲೆ, ದೋಣಿ, ಗಾಳಿ. ಕಿಸುಮುವಿನ ವಿಕ್ಟೋರಿಯಾ ಸರೋವರದ ದಡದಲ್ಲಿ ಬೆಳಿಗ್ಗೆ ನಡೆದು ಹೋದರೆ ಬಲೆ ಒಣಗಿಸುವವರು, ಮೀನು ಬೇರ್ಪಡಿಸುವ ಹೆಂಗಸರು ಕಾಣುತ್ತಾರೆ. ನೀರಿನ ಮೇಲೆ ಅಂತರಗಂಗೆ ಹಬ್ಬಿ ದೋಣಿಗೆ ದಾರಿ ಸಿಗಲ್ಲ. ನಾಲ್ಕನೇ ಅಧ್ಯಾಯದ ಬಿರುಗಾಳಿ ಬರೆದ ದಿನವೇ ಮಧ್ಯಾಹ್ನ ಗಾಳಿ ಎದ್ದಿತು. ನಮ್ಮ ತರಗತಿಯ ಒಬ್ಬ ಮಾಮಾನ ಮಗ ದೋಣಿಯಲ್ಲಿ ಹೋಗಿದ್ದ. ಸಂಜೆ ತನಕ ಆಕೆ ಹೊಲಿಯುತ್ತಲೇ ಇದ್ದರು, ತುಟಿ ಮಾತ್ರ ಅಲುಗುತ್ತಿತ್ತು. "ನ್ಯಾಸಾಯೆ" ಅನ್ನುವ ಒಂದು ಪದ ನನಗೆ ಕೇಳಿಸಿತು. ಅವರ ಲುಒ ಭಾಷೆಯಲ್ಲಿ ದೇವರು ಅಂತ. ನನಗೆ ಸಮಾಧಾನದ ಮಾತು ಹೇಳಬೇಕು ಅನ್ನಿಸಿತು, ಭಾಷೆ ಇರಲಿಲ್ಲ. ಪಕ್ಕದ ಮಷೀನಿನಲ್ಲಿ ಕೂತು ನಾನೂ ಹೊಲಿದೆ. ಕತ್ತಲಾಗುವ ಮೊದಲು ಹುಡುಗ ಬಂದ. ನನ್ನ ಬದುಕಿನಲ್ಲಿ ಅಷ್ಟು ದೀರ್ಘವಾದ ಪ್ರಾರ್ಥನೆ ಅದಕ್ಕೂ ಮೊದಲು ಮಾಡಿರಲಿಲ್ಲ. ಒಂದು ಮಾತೂ ಇರಲಿಲ್ಲ ಅದರಲ್ಲಿ.

ರಾತ್ರಿಯ ಭಾಗ ನನಗೆ ಎಲ್ಲಕ್ಕಿಂತ ಕಷ್ಟ ಆಯಿತು. ಬೇರೆಯವರಿಗೆ ಪ್ರಾರ್ಥನೆ ಮಾಡಿ ರೂಢಿ ಇರುವವನಿಗೆ ಕೇಳಿಕೊಳ್ಳುವುದು ಬಹಳ ಭಾರ. ಮೊದಲ ಸಲ ಪಾಸ್ಟರನ್ನು ಕೇಳಿದೆ, ಅದು ತಪ್ಪು. ಅವರೂ ನನ್ನ ಹಾಗೆಯೇ ಕೆಲಸದವರು, ಚೆನ್ನಾಗಿ ಪ್ರಾರ್ಥನೆ ಮಾಡಿಬಿಟ್ಟರು. ಆಮೇಲೆ ಅಡಿಗೆ ಮಾಡುವ ಹುಡುಗಿಯನ್ನು, ರಾತ್ರಿ ಕಾವಲುಗಾರನನ್ನು, ಮಕ್ಕಳನ್ನು ಕೇಳಿದೆ. ಕಾವಲುಗಾರ ಲುಒ ಭಾಷೆಯಲ್ಲಿ ಎರಡೇ ಮಾತು ಹೇಳಿ, ನನ್ನ ಭುಜ ತಟ್ಟಿ ಗೇಟಿಗೆ ಹೋದ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ನಿಮ್ಮ ಊರಲ್ಲೂ ಇದನ್ನು ಮಾಡಬಹುದು, ಆದರೆ ನಿಮಗಿಂತ ಚಿಕ್ಕವರನ್ನು ಕೇಳಿ.

ಒಂದು ಸಂಜೆ ಆ ಅರವತ್ತರ ಮಾಮಾ, ಪಾಸ್ಟರ ಮಗನ ಮೂಲಕ ಕೇಳಿದರು: ನಿಮ್ಮ ಊರಿಗೆ ಈ ವಾಕ್ಯ ಹೇಗೆ ಬಂತು, ಯಾರು ತಂದರು? ನನಗೆ ಗೊತ್ತಿದ್ದದ್ದು ಸ್ವಲ್ಪವೇ. 1810ರಲ್ಲಿ ಜಾನ್ ಹ್ಯಾಂಡ್ಸ್ ಅನ್ನುವ ಲಂಡನ್ ಮಿಷನ್‌ನವರು ಬಳ್ಳಾರಿಗೆ ಬಂದರು. ಕನ್ನಡ ಕಲಿತು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು, ವಿಲಿಯಂ ರೀವ್ ಅವರೂ ಜೊತೆಗೆ ದುಡಿದರು. ಪೂರ್ತಿ ಸತ್ಯವೇದ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ಇಷ್ಟು ಹೇಳಿದೆ. ಆಕೆ ಬೆರಳು ಮಡಿಚಿ ಲೆಕ್ಕ ಹಾಕಿ "21 ವರ್ಷ!" ಅಂದರು. ನಾನು ಅದನ್ನು ಯಾವತ್ತೂ ಎಣಿಸಿ ನೋಡಿರಲಿಲ್ಲ. ಸಭೆಯ ವಾರ್ಷಿಕೋತ್ಸವದಲ್ಲಿ ಇಸವಿಗಳನ್ನು ಪಟಪಟ ಹೇಳಿ ಮುಂದೆ ಹೋಗುತ್ತಿದ್ದೆ. ಆ ಮೇಲೆ ಬೆಳಿಗ್ಗೆ ಪೆನ್ನು ಹಿಡಿದಾಗೆಲ್ಲ, ಬಳ್ಳಾರಿಯ ಬಿಸಿಲಲ್ಲಿ ಕೂತು, ಒಂದೊಂದು ಪದಕ್ಕೆ ಕನ್ನಡ ಯಾವುದು ಅಂತ ಹುಡುಕಿದವರು ಕಣ್ಣ ಮುಂದೆ ಬರುತ್ತಿದ್ದರು. ಅವರ ಅನುವಾದವೇ ಇಂದು ನಮ್ಮ ಕೈಯಲ್ಲಿಲ್ಲ, ಆಮೇಲೆ ತಿದ್ದುಪಡಿಗಳಾಗಿವೆ. ಆದರೂ 10 ವಚನಕ್ಕೆ ಎರಡು ಗಂಟೆ ಜಾಸ್ತಿ ಆಯ್ತು ಅಂತ ಮತ್ತೆ ಅನ್ನಿಸಲಿಲ್ಲ.

ಭಾನುವಾರದ ಆರಾಧನೆ ಮೂರು ಗಂಟೆಗೆ ಕಡಿಮೆ ಇಲ್ಲ. "ಬ್ವಾನಾ ಅಸಿಫಿವೆ" ಅಂತ ಒಬ್ಬರು ಅಂದರೆ, ದೇವರಿಗೆ ಸ್ತೋತ್ರ ಅಂತ ಅರ್ಥ, ಎಲ್ಲರೂ "ಆಮಿನಾ" ಅಂತಾರೆ. ಕಾಣಿಕೆಯಲ್ಲಿ ಮೊಟ್ಟೆ, ಬಾಳೆಗೊನೆ, ಕೋಳಿ ಬರುತ್ತವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ಹರಾಜು. ನಮ್ಮ ಸುಗ್ಗಿ ಹಬ್ಬದ ಹರಾಜಿನ ಹಾಗೆಯೇ. ಮೂರನೇ ಭಾನುವಾರ ಮಾಮಾಗಳು ಹೊಲಿದ ಪ್ಯಾಂಟು ಒಂದನ್ನು ಕಾಣಿಕೆಗೆ ಇಟ್ಟರು. ಕುದಿಯುವ ನೀರಲ್ಲಿ ಎರಡು ಸಲ ಒಗೆದು ಒಣಗಿಸಿದ ಡೆನಿಮ್‌ನ ತೇಪೆ, ನಾನು ಹೇಳಿಕೊಟ್ಟ ಹಾಗೆ. 900 ಶಿಲ್ಲಿಂಗಿಗೆ ಹೋಯಿತು. ಆ ತೇಪೆ ಈಗ ಕುಗ್ಗಲ್ಲ, ನಾನು ಖಾತ್ರಿ ಕೊಡ್ತೀನಿ.

ಹೊರಡುವ ಹಿಂದಿನ ಬೆಳಿಗ್ಗೆ ಐದನೇ ಅಧ್ಯಾಯದಲ್ಲಿದ್ದೆ. 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಗುಂಪಿನ ನಡುವೆ ಬಂದು ಹಿಂದಿನಿಂದ ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಇದ್ದ ದುಡ್ಡೆಲ್ಲ ವೈದ್ಯರಿಗೆ ಸುರಿದಿದ್ದಳು ಅಂತಲೂ ಬರೆದಿದೆ. ನಾನು ಸುರಿದದ್ದೂ ನೆನಪಾಯಿತು. ಬಟ್ಟೆ ಅನ್ನುವ ಪದ ಬರೆದು ಪೆನ್ನು ಇಟ್ಟೆ. ಎದುರು ಕಿಟಕಿಯ ಮೇಲೆ ನಾನೇ ಹೊಲಿದ ಅರ್ಧ ಮುಗಿದ ಪ್ಯಾಂಟು ನೇತಾಡುತ್ತಿತ್ತು. "ಅಪ್ಪಾ" ಅಂದೆ. ಅದು ದೇವರಿಗೆ ಅಂದದ್ದೋ ನಮ್ಮಪ್ಪನಿಗೆ ಅಂದದ್ದೋ ಮೊದಲು ನನಗೇ ತಿಳಿಯಲಿಲ್ಲ. ಇಬ್ಬರಿಗೂ ಅಂದದ್ದು. ಪೆಟ್ಟಿಗೆಯ ಮುಂದೆ ಮಾಡಬೇಕಿದ್ದ ಪ್ರಾರ್ಥನೆಯನ್ನು ಅಲ್ಲಿ, ಮೂರು ವರ್ಷ ತಡವಾಗಿ, ಮಾಡಿದೆ.

ಬಳ್ಳಾರಿಗೆ ಬಂದ ಮೇಲೆ ಎರಡು ವಾರ ಎಲ್ಲ ಹಳಿ ತಪ್ಪಿತು. ಅಲ್ಲಿ 4 ಗಂಟೆ ಅಂದರೆ ಇಲ್ಲಿ ಆರೂವರೆ, ಆ ಹೊತ್ತಿಗೆ ಮನೆಯಲ್ಲಿ ಹಾಲಿನವನು, ಮಗಳ ಶಾಲೆ, ಫೋನು. 4ಕ್ಕೆ ಏಳಲು ನೋಡಿದೆ, ಮಷೀನಿನ ಮೇಲೆ ತೂಕಡಿಸಿ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಕೊನೆಗೆ ಸಿಕ್ಕ ದಾರಿ ಇದು: ಯೂನಿಟ್ ಬೀಗ ತೆಗೆದು, ಮೋಟಾರಿನ ಸ್ವಿಚ್ ಹಾಕುವ ಮೊದಲು, ಕಟಿಂಗ್ ಟೇಬಲ್ಲಿನ ಮೇಲೆ ಬರೆಯುತ್ತೇನೆ. ಹುಡುಗರು ಬರುವುದು ಒಂಬತ್ತಕ್ಕೆ, ನಾನು ಎಂಟಕ್ಕೇ ಹೋಗ್ತೀನಿ. ಗಂಟೆಗಿಂತ ಜಾಗ ಮುಖ್ಯ, ಅದೂ ಕೆಲಸ ಮಾಡುವ ಜಾಗ. ಒಂಬತ್ತನೇ ಅಧ್ಯಾಯದಲ್ಲಿ ಮಗನಿಗೋಸ್ಕರ ಬೇಡಿಕೊಳ್ಳುವ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಅನ್ನುವ ಕಡೆ ನಾಲ್ಕು ದಿನ ನಿಂತೆ. ಮಾರ್ಕ ಮುಗಿದದ್ದು ಜೂನ್‌ನಲ್ಲಿ.

ಸಭೆಯ ಕೆಲಸ ಬಿಟ್ಟಿಲ್ಲ. ತಿಂಗಳಿಗೆ ಎರಡೇ ಪ್ರಸಂಗ ಅಂತ ಅಯ್ಯನವರಿಗೆ ಹೇಳಿದ್ದೇನೆ. ಮೊದಲು ಬೇಸರ ಮಾಡಿಕೊಂಡರು, ಈಗ ಅವರೇ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ನನ್ನನ್ನು ಪ್ರಶ್ನೆ ಮಾಡಿದ ಹಿರಿಯರು ಸೇರಿ 7 ಜನ ಶುರು ಮಾಡಿದರು, 5 ಜನ ಇನ್ನೂ ಬರೆಯುತ್ತಿದ್ದಾರೆ. ಬಿಟ್ಟ ಇಬ್ಬರೂ ದಿನಕ್ಕೊಂದು ಅಧ್ಯಾಯ ಹಿಡಿದವರು. ಒಬ್ಬರು ಮೊಬೈಲಿನಲ್ಲಿ ಟೈಪ್ ಮಾಡಿ ನೋಡಿದರು, ನಾನೂ 9 ದಿನ ಅದನ್ನು ಪರೀಕ್ಷೆ ಮಾಡಿದೆ. ಬೆರಳು ಓಡುತ್ತೆ, ಮನಸ್ಸು ಹಿಂದೆ ಉಳಿಯುತ್ತೆ. ಬಾಲ್‌ಪೆನ್ನಿಗಿಂತ ಇಂಕ್‌ಪೆನ್ನು ವಾಸಿ, ನಿಧಾನ ಆಗುತ್ತೆ. 200 ಪುಟದ ಸಾದಾ ನೋಟ್‌ಬುಕ್ ಸಾಕು, 60 ರೂಪಾಯಿ.

ಮುಂದಿನ ಸಲಕ್ಕೆ ಚೀಟಿ ಕಟ್ಟುತ್ತಿದ್ದೇನೆ. ಈ ಸಲ ನಮ್ಮ ಮನೆಯವಳೂ ಬರ್ತಾಳೆ, ಕಾಜಾ ಹೊಲಿಯುವುದರಲ್ಲಿ ಅವಳದು ನನಗಿಂತ ಒಳ್ಳೆ ಕೈ. ಮೊನ್ನೆ ಆ ಅರವತ್ತರ ಮಾಮಾ ವಾಟ್ಸಾಪಿನಲ್ಲಿ ದನಿ ಕಳಿಸಿದ್ದರು. "ಫುಂದಿ" ಅಂತ ಕರೆದು, ಎಲ್ಲಿಗೆ ಬಂದೆ ಅಂತ ಕೇಳಿದರು. ಸ್ವಿಚ್ ಇನ್ನೂ ಹಾಕಿರಲಿಲ್ಲ. ನೋಟ್‌ಬುಕ್ ನೋಡಿ ಉತ್ತರ ಹೇಳಿದೆ: ಲೂಕನ ಸುವಾರ್ತೆ, ಏಳನೇ ಅಧ್ಯಾಯ, ಹನ್ನೊಂದನೇ ವಚನ.